ಅಂಗಾತ ಇಟ್ಟ ಮಟ್ಟೆಗಳು

ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದರ ಕೆಳಗೆ ಗಂಡಸರ ಗಂಬೂಟು. ನಮ್ಮ ವಾರ್ಡನ್ ಮೇಡಂ ಅಂದರೆ ಮೊದಲು ಕಣ್ಣಿಗೆ ಕಟ್ಟುವುದು ಅದೇ. ಬೂಟು ಅವರ ಅಳತೆಯದಲ್ಲ. ನಡೆದರೆ ಒಳಗೆ ಕಾಲು ಜಾರಿ ಪಚ್ ಪಚ್ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಅರಸೀಕೆರೆಯ ನಮ್ಮ ಹಾಸ್ಟೆಲಿನಲ್ಲಿ ಹಾಸಿಗೆ ಮೇಲೆ ಬಿದ್ದುಕೊಂಡಿದ್ದ ಹುಡುಗಿಯರೆಲ್ಲ ದಡಬಡ ಎದ್ದು ಪುಸ್ತಕ ಹಿಡಿಯುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯ ಮಾತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ಡುಮ್ಕಿ ಹೊಡೆದೆ. ಜೊತೆಗೆ ಇನ್ನೂ ಐದಾರು ಜನ ಇದ್ದರು. ಫೇಲಾದವರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ. ನಮ್ಮೂರು ಗಂಡಸಿಯಲ್ಲಿ ಅಪ್ಪ ಆಗಲೇ ಸೋದರಮಾವನಿಗೆ ನನ್ನನ್ನು ಕೊಡುವ ಮಾತು ಎತ್ತಿದ್ದರು. ಊರಿಗೆ ಹೋದರೆ ಕಥೆ ಮುಗಿಯಿತು, ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂರುವುದು ಕನಸಿನ ಮಾತು. ಟ್ರಂಕು ಕಟ್ಟಿಟ್ಟು ವರಾಂಡದಲ್ಲಿ ಗೊಳೋ ಎಂದು ಅಳುತ್ತಿದ್ದಾಗ ಪಚ್ ಪಚ್ ಕೇಳಿಸಿತು.

"ಅಳೋದಿದ್ರೆ ಹಿತ್ತಲಿಗೆ ಹೋಗಿ ಅಳ್ರೇ, ನೆಲ ಒಂದಿಷ್ಟು ನೆನೀಲಿ," ಎಂದರು ಮೇಡಂ.

ಹಿತ್ತಲೆಂದರೆ ರೈಲು ಹಳಿಯವರೆಗೂ ಚಾಚಿದ್ದ ಕಸದ ಬಯಲು. ಒಡೆದ ಬಾಟಲಿ, ಹರಿದ ಚಪ್ಪಲಿ, ಹಂದಿಗಳ ಸಂಸಾರ. ಅಲ್ಲಿ ತೋಟ ಮಾಡುತ್ತೇವೆ, ಈ ಹುಡುಗಿಯರ ತರಕಾರಿ ಅವರೇ ಬೆಳೆದುಕೊಳ್ಳುತ್ತಾರೆ, ಪರೀಕ್ಷೆಯವರೆಗೆ ಇರಲು ಬಿಡಿ ಎಂದು ಮೇಡಂ ಮೇಲಿನ ಸಾಹೇಬರನ್ನು ಕೇಳಿದ್ದರು. ಸಾಹೇಬರು ನಕ್ಕು, "ಗೌರಿ ಹಬ್ಬದ ಹೊತ್ತಿಗೆ ಬಂದು ನೋಡ್ತೀನಿ. ಏನೂ ಇಲ್ದಿದ್ರೆ ಅವತ್ತೇ ಮನೆಗೆ ಕಳಿಸ್ಬೇಕು," ಎಂದಿದ್ದರು. ಅಪ್ಪನೂ ಅಲ್ಲಿಯವರೆಗೆ ತಡೆಯಲು ಒಪ್ಪಿದರು.

ಮೇಡಂ ರಂಗೋಲಿ ಪುಡಿ ಹಿಡಿದು ನೆಲದ ಮೇಲೇ ನಕ್ಷೆ ಬರೆದರು. ಬಚ್ಚಲ ನೀರು ಮೊದಲು ಬಾಳೆ ಮತ್ತು ಕೆಸುವಿನ ಬುಡಕ್ಕೆ, ಅಲ್ಲಿಂದ ಮರಳಿನ ಗುಂಡಿಗೆ, ಆಮೇಲೆ ಪಾತಿಗಳಿಗೆ. ಅಡುಗೆಮನೆಯ ಸಿಪ್ಪೆಯೆಲ್ಲ ಗೊಬ್ಬರಕ್ಕೆ. ನೀರು ಹಿಡಿದಿಡಲು ಪಾತಿಯ ಅಡಿಯಲ್ಲಿ ತೆಂಗಿನಕಾಯಿ ಮಟ್ಟೆ. ಕೊಬ್ಬರಿಯ ಊರಿನಲ್ಲಿ ಮಟ್ಟೆಗೇನು ಬರ? ಕೊಬ್ಬರಿ ಮಂಡಿಯಿಂದ ತಳ್ಳುಗಾಡಿ ತುಂಬಿಕೊಂಡು ಪೇಟೆಯ ನಡುವೆಯೇ ಬಂದೆವು.

"ಏನ್ ಮೇಡಮ್ಮೋರೆ, ಸೌದೆ ವ್ಯಾಪಾರ ಸುರು ಮಾಡುದ್ರಾ?" ಎಂದು ಅಂಗಡಿಯವರೊಬ್ಬರು ಕಿಚಾಯಿಸಿದರು.

"ಹೂಂ ಕಣಪ್ಪ, ನಿಮ್ಮನೆ ಮುಂದ್ಕೂ ಒಂದ್ ಗಾಡಿ ಸುರೀಲಾ?" ಎಂದು ಮೇಡಂ ಬೂಟು ಎಳೆಯುತ್ತಾ ಮುಂದೆ ನಡೆದರು. ನನಗೆ ಆ ಬೆನ್ನಿನ ಹಿಂದೆ ನಡೆಯುವುದೇ ಒಂದು ಹೆಮ್ಮೆಯಾಗಿತ್ತು.

ಅವರು ಸಭೆಗೆಂದು ಹಾಸನಕ್ಕೆ ಹೋದ ದಿನ ನಾವೇ ಮಟ್ಟೆ ಜೋಡಿಸಿ, ಮಣ್ಣು ಮುಚ್ಚಿ, ಬದನೆ ಸಸಿ ನೆಟ್ಟು ಮುಗಿಸಿದೆವು. ಸಾಲುಗಳಿಗೆ ದೃಷ್ಟಿ ತಾಗಬೇಕು, ಅಷ್ಟು ಚೆಂದ. ಆದರೆ ಎಷ್ಟು ನೀರು ಬಿಟ್ಟರೂ ಮಧ್ಯಾಹ್ನಕ್ಕೆ ಸಸಿಗಳು ಬಾಡಿ ತಲೆ ಬಗ್ಗಿಸುತ್ತಿದ್ದವು. ಕೊನೆಗೆ ಒಂದೊಂದಾಗಿ ಒಣಗತೊಡಗಿದವು. ನನಗೆ ಸೋದರಮಾವನ ಮೀಸೆ ಕಣ್ಣ ಮುಂದೆ ಬಂತು.

ಮೇಡಂ ಒಂದು ಪಾತಿ ಅಗೆದು ನೋಡಿದವರು ಅಲ್ಲೇ ಕುಕ್ಕರಿಸಿ ನಗತೊಡಗಿದರು. ಮಟ್ಟೆಗಳೆಲ್ಲ ಬೋರಲಾಗಿದ್ದವು. ಮನೆಯ ಹಿತ್ತಲಲ್ಲಿ ಒಲೆಗೆಂದು ಮಟ್ಟೆ ಒಟ್ಟುವಾಗ ಒಳಗೆ ಮಳೆನೀರು ನಿಲ್ಲದಿರಲೆಂದು ಬೋರಲು ಹಾಕುವುದು ರೂಢಿ. ಅಮ್ಮಂದಿರು ಕಲಿಸಿದ್ದನ್ನೇ ಎಲ್ಲರ ಕೈಗಳೂ ಚಾಚೂ ತಪ್ಪದೆ ಮಾಡಿದ್ದವು.

"ಒಲೆಗೆ ಒಟ್ಟಿದ್ದೀರಲ್ರೇ. ಗಿಡಕ್ಕೆ ಅಂಗಾತ ಇಡ್ಬೇಕು, ಬೊಗಸೆ ಒಡ್ಡಿದಂಗೆ. ನೆನೀಲಿ ಅಂತಾನೇ ಇಡೋದು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸೀರೆ ಎತ್ತಿ ಕಟ್ಟಿ ನಮಗಿಂತ ಮೊದಲು ಗುದ್ದಲಿ ಹಿಡಿದರು.

ಪೂರ್ತಿ ಅಗೆದು ಮತ್ತೆ ಹೂಳಿದೆವು. ಪಾತಿಯ ಉದ್ದ ಅಗಲ ಅಳೆಸುತ್ತಾ ಮೇಡಂ ನಮ್ಮ ಮಂಡೆಗೆ ಕ್ಷೇತ್ರಫಲವನ್ನೂ ಹೂತರು. ಬದನೆ ಚಿಗುರಿತು, ಹುರುಳಿಕಾಯಿ ಬೇಲಿಗೆ ಹಬ್ಬಿತು. ರೈಲಿನಲ್ಲಿ ಹೋಗುವವರು ಕಿಟಕಿಯಿಂದ ಕೈ ಬೀಸತೊಡಗಿದರು.

ಗೌರಿ ಹಬ್ಬಕ್ಕೆ ಮುಂಚೆ ಸಾಹೇಬರು ಬಂದರು. ಅದೇ ದಿನ ಅಪ್ಪನೂ ಬಂದು ಬಾಗಿಲಲ್ಲಿ ನಿಂತರು. ಮೇಡಂ ಇಬ್ಬರನ್ನೂ ಊಟಕ್ಕೆ ಕೂರಿಸಿದರು. ಸಾಹೇಬರು ಬದನೆಕಾಯಿ ಹುಳಿಯನ್ನು ಎರಡನೆಯ ಸಲ ಹಾಕಿಸಿಕೊಂಡು, ತೋಟದ ಕಡೆ ನೋಡಿ, "ಇರ್ಲಿ ಬಿಡಿ, ಪರೀಕ್ಷೆ ಬರೀಲಿ," ಎಂದರು. ಅಪ್ಪ ಕೈ ತೊಳೆದು ಪಾತಿಗೆ ಇಳಿದರು. ಮಣ್ಣು ಕೆದಕಿ, ತಣ್ಣಗಿದ್ದ ಮಟ್ಟೆಯನ್ನು ಹಿಂಡಿ ನೋಡಿದರು.

"ಮಾವಂಗೆ ನಾನೇ ಹೇಳ್ಕತೀನಿ. ನೀನು ಓದ್ಕಂಡೇ ಬಾರವ್ವ."

ಆ ಸಲ ಪರೀಕ್ಷೆಗೆ ಕೂತವರೆಲ್ಲ ಪಾಸಾದೆವು. ಹಾಸ್ಟೆಲಿನಲ್ಲಿ ಅಂದಿನಿಂದ ಫೇಲಾದವರ ಟ್ರಂಕು ಹೊರಗೆ ಬರಲಿಲ್ಲ. ಪ್ರತಿ ವರ್ಷ ಅವರ ಕೈಗೆ ಗುದ್ದಲಿ ಬರುತ್ತಿತ್ತು. ಒಬ್ಬಳು ನರ್ಸಾದಳು, ಒಬ್ಬಳು ಬಸ್ ಕಂಡಕ್ಟರ್. ನಾನು ಹಳೇಬೀಡಿನಲ್ಲಿ ಪಾಠ ಹೇಳುತ್ತೇನೆ, ಅದೂ ಗಣಿತ. ನಮ್ಮ ಶಾಲೆಯ ಹಿಂದೆಯೂ ಬದನೆ ಇದೆ.

ಮೇಡಂ ತೀರಿಕೊಂಡಾಗ ಅವರ ಊರು ಗೆಂಡೆಹಳ್ಳಿಗೆ ಹೋದೆವು. ಬುದ್ಧನ ಪಟದ ಮುಂದೆ ದೀಪ ಉರಿಯುತ್ತಿತ್ತು, ಮೂಲೆಯಲ್ಲಿ ಬೂಟುಗಳಿದ್ದವು. ಮಣ್ಣು ಮಾಡಿದ ಜಾಗದ ಪಕ್ಕ ಒಂದು ತೆಂಗಿನ ಸಸಿ ಇಡೋಣವೆಂದು ಗುಂಡಿ ತೆಗೆದು, ತಳಕ್ಕೆ ಮಟ್ಟೆ ಜೋಡಿಸತೊಡಗಿದೆವು. ಊರಿನ ಅಜ್ಜಿಯೊಬ್ಬರು ನೋಡಿ, "ಹಂಗಿಟ್ರೆ ನೆಂದೋಯ್ತವೆ ಕಣ್ರವ್ವ, ಬೋರಲು ಹಾಕಿ," ಎಂದರು.

"ನೆನೀಲಿ ಬಿಡಜ್ಜಿ," ಎಂದೆವು ಎಲ್ಲರೂ ಒಟ್ಟಿಗೆ. ಅತ್ತು ಕೆಂಪಾದ ಕಣ್ಣುಗಳಲ್ಲೇ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟೆವು.