ಎರಡು ಹೋಳಿನ ಗೋಳ

ಅದು 2022 ಇರಬೇಕು. 2023 ಎಂದು ಯಾರಾದರೂ ಹೇಳಿದರೆ ವಾದಕ್ಕೆ ನಿಲ್ಲಲಾರೆ. ದಾವಣಗೆರೆಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಎಲೆಕ್ಟ್ರೋಮ್ಯಾಗ್ನೆಟಿಸಂ ಪಾಠ ಮಾಡುತ್ತಿದ್ದೆ. ಮೊದಲ ಇಂಟರ್ನಲ್ ಪರೀಕ್ಷೆಯ ಅಂಕ ಬಂದ ಮೇಲೆ ಹರಿಹರದ ಶಿಲ್ಪಾ ತನ್ನ ತಂದೆಯೊಂದಿಗೆ ನನ್ನ ಕೋಣೆಗೆ ಬಂದಳು.

"ಟಿ.ಸಿ. ಕೊಡ್ಸಿಬಿಡ್ರಿ ಸರ್," ಎಂದರು ತಂದೆ. "ಡಿಗ್ರಿಯಾಗೆ ಕಾಲೇಜಿಗೇ ಫಸ್ಟ್ ಬಂದಾಕಿ, ಇಲ್ಲಿ ಸೊನ್ನೆ ತಗಂಡಾಳೆ."

"ಸೊನ್ನೆ ಅಲ್ಲಪ್ಪ, ನಾಲ್ಕು."

"ಇಪ್ಪತ್ತಕ್ಕೆ ನಾಲ್ಕು. ಮೆರವಣಿಗೆ ಮಾಡಸ್ಲೇನು?"

ಶಿಲ್ಪಾ ನನ್ನ ಕಡೆ ತಿರುಗಿದಳು. "ಬಿ.ಎಸ್ಸಿ.ಯಾಗೆ ಕಲ್ತಿದ್ದೆಲ್ಲ ಸುಳ್ಳು ಅನ್ಸೈತೆ ಸರ್. ಇನ್ನು ಹೆಂಗೆ ಓದ್ಲಿ?"

ಬಿ.ಎಸ್ಸಿ.ಯಲ್ಲಿ ಕೊಡುವ ಲೆಕ್ಕಗಳು ಅಚ್ಚುಕಟ್ಟಾದ ಆಕಾರದವು: ಪೂರ್ಣ ಗೋಳ, ಕೊನೆಯಿಲ್ಲದ ತಂತಿ, ಅಂಚಿಲ್ಲದ ಹಾಳೆ. ಆಕಾರ ಗುರುತಿಸಿದರೆ ಉತ್ತರ ಎರಡು ಸಾಲು. ಎಂ.ಎಸ್ಸಿ.ಯಲ್ಲಿ ನಿಯಮಗಳು ಅವೇ, ಆಕಾರದ ಆಸರೆ ಮಾತ್ರ ಇರುವುದಿಲ್ಲ. ಉತ್ತರ ಒಂದೊಂದೇ ಟರ್ಮ್ ಕೂಡುತ್ತಾ ಹೋಗುವ ಸರಣಿಯಾಗಿ ಬರುತ್ತದೆ.

ನನ್ನ ಪ್ರಶ್ನೆಯಲ್ಲಿ ಲೋಹದ ಗೋಳವೊಂದನ್ನು ಎರಡು ಹೋಳು ಮಾಡಿ, ನಡುವೆ ವಿದ್ಯುತ್ ಹರಿಯದಂತೆ ಕೂದಲೆಳೆಯ ಸಂದು ಬಿಟ್ಟು, ಮೇಲಿನದಕ್ಕೆ ನೂರು ವೋಲ್ಟ್, ಕೆಳಗಿನದಕ್ಕೆ ಸೊನ್ನೆ ಕೊಟ್ಟಿದ್ದೆ. ಹೊರಗಡೆ ವೋಲ್ಟೇಜ್ ಎಷ್ಟು? ಶಿಲ್ಪಾ ಸರಾಸರಿ ತೆಗೆದು, ಅದನ್ನು ಐವತ್ತು ವೋಲ್ಟಿನ ಇಡೀ ಗೋಳವೆಂದುಕೊಂಡು ಹಳೆಯ ಸೂತ್ರ ಬರೆದಿದ್ದಳು.

ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ. ಬೋರ್ಡಿನ ಮೇಲೆ ಮೊದಲಿನಿಂದ ಲೆಕ್ಕ ಮಾಡಿದೆ. ಸರಣಿಯ ಮೊದಲ ಟರ್ಮ್ ಬಂತು. ಅದು ಅವಳು ಬರೆದ ಸಾಲೇ.

"ಇದು ಸುಳ್ಳಲ್ಲಮ್ಮ, ಅರ್ಧಕ್ಕೆ ನಿಂತಿದೆ," ಎಂದೆ. "ಬಹಳ ದೂರದಿಂದ ನೋಡುವವನಿಗೆ ಇಷ್ಟೇ ಸಾಕು. ಹತ್ತಿರ ಬಂದರೆ?"

ಅವಳು ಬೋರ್ಡನ್ನೇ ನೋಡುತ್ತಿದ್ದಳು. "ನಮ್ಮೂರ ದೇವ್ರಂಗೆ ಸರ್. ಬಾಗಿಲಾಗೆ ನಿಂತ್ರೆ ಒಬ್ಬನೇ ಕಾಣ್ತಾನೆ. ಹತ್ರ ಹೋದ್ರೆ ಅರ್ಧ ಹರಿ, ಅರ್ಧ ಹರ."

ಈ ಮಾತು ಅವಳದೋ, ಆಮೇಲೆ ತರಗತಿಗಳಲ್ಲಿ ಹೇಳಿ ಹೇಳಿ ನಾನೇ ಅವಳ ಬಾಯಿಗೆ ಹಾಕಿದ್ದೋ, ಆಣೆ ಮಾಡಿ ಹೇಳಲಾರೆ. ಅವಳು ಚಾಕ್‌ಪೀಸ್ ತೆಗೆದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಹಂಗಾರೆ ಟಿ.ಸಿ.?" ತಂದೆ ಕೇಳಿದರು.

"ಬ್ಯಾಡಪ್ಪ. ಸುಮ್ನೆ ಕೂಡ್ರು, ಎರಡನೇ ಟರ್ಮ್ ತೆಗೀತೀನಿ," ಎಂದಳು ಶಿಲ್ಪಾ.

ತಂದೆ ಕುಳಿತರು. ನಾನೂ ಕುಳಿತೆ, ಆವರೆಗೆ ನಿಂತೇ ಇದ್ದೆನೆಂಬುದು ಆಗ ತಿಳಿಯಿತು.

ನಾಲ್ಕು ಅಂಕ ನಾಲ್ಕಾಗಿಯೇ ಉಳಿಯಿತು. ಈಗ ಪ್ರತಿ ವರ್ಷ ಎಂ.ಎಸ್ಸಿ.ಯ ಮೊದಲ ತರಗತಿಯಲ್ಲಿ ಹೇಳುತ್ತೇನೆ: ಹಿಂದೆ ಕಲಿತದ್ದನ್ನು ಅಳಿಸಬೇಡಿ. ಅದರ ಮುಂದೆ ಒಂದು ಪ್ಲಸ್ ಚಿಹ್ನೆ ಹಾಕಿ.