ತಾಂಬಾದ ಬೀಗತಿ ಹೇಳಿದ ಹೆಸರು

ಅವರ ಬಲಗೈಯ ತೋರುಬೆರಳು ತುದಿಯಿಂದ ಮೊದಲ ಗೆಣ್ಣಿನವರೆಗೆ ಕಪ್ಪಗಿತ್ತು. ಸುಟ್ಟ ತಂಬಾಕಿನ ಪುಡಿಯಿಂದ ದಿನಕ್ಕೆ ಮೂರು ನಾಲ್ಕು ಸಲ ಹಲ್ಲುಜ್ಜಿ ಬಂದ ಕಪ್ಪು ಅದು. ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ಮಾತಾಡುವಾಗ ಆ ಬೆರಳನ್ನು ನೇರ ಎದುರಿನವರ ಎದೆಗೆ ಹಿಡಿಯುತ್ತಿದ್ದರು. ಕಪ್ಪಗಿದ್ದದ್ದು ಬರೀ ಉಗುರು, ನೀನು ಎಲ್ಲವನ್ನೂ ದೊಡ್ಡದು ಮಾಡುತ್ತೀ ಎಂದು ನನ್ನ ತಂಗಿ ಹೇಳುತ್ತಾಳೆ. ಇರಬಹುದು. ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ. ಅದರಿಂದ ಆದ ಹಾನಿಯೂ ಮುಂದೆ ಬರುತ್ತದೆ.

ಅವರು ನನ್ನ ತಂಗಿಯ ಮೊದಲ ಅತ್ತೆ, ಇಂಡಿ ತಾಲೂಕಿನ ತಾಂಬಾದವರು. ನಮ್ಮ ಅವ್ವ ಅವರನ್ನು ‘ತಾಂಬಾದ ಬೀಗತಿ’ ಎನ್ನುತ್ತಿದ್ದಳು. ಸಂಬಂಧ ಮುರಿದ ಮೇಲೂ ಆ ಮಾತು ಮುರಿಯಲಿಲ್ಲ. ನಾನು ‘ಅತ್ತಿ’ ಎನ್ನುತ್ತಿದ್ದೆ. ಅವರು ನನ್ನನ್ನು ‘ಮಾಸ್ತರ’ ಎನ್ನುತ್ತಿದ್ದರು. ನಾನು ಮುದ್ದೇಬಿಹಾಳದಲ್ಲಿ ಕಾಲೇಜಿಗೆ ಪಾಠ ಹೇಳುವವನು, ಸಾಲಿ ಮಾಸ್ತರನಲ್ಲ ಎಂದು ಎಷ್ಟು ಸಲ ಹೇಳಿದರೂ ಅದು ಅವರಿಗೆ ಒಂದೇ.

ಅವರ ಜೊತೆ ಹತ್ತು ನಿಮಿಷ ಕಳೆದರೆ ಯಾರಿಗಾದರೂ ತಲೆ ಕೆಡುತ್ತಿತ್ತು. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ, ನಿಮ್ಮ ಕಡೆ ಮಳೆ ಆಯಿತೇ ಎಂದು ಕೇಳಿ, ಉತ್ತರ ಬರುವ ಮೊದಲೇ ಇಟ್ಟುಬಿಡುತ್ತಿದ್ದರು. ಬಸ್ಸು ತಾಂಬಾಕ್ಕೆ ಹೋಗುತ್ತದೆಯೇ ಎಂದು ಡ್ರೈವರನನ್ನು ಒಮ್ಮೆ, ಕಂಡಕ್ಟರನನ್ನು ಎರಡು ಸಲ, ಕೊನೆಗೆ ಪಕ್ಕದಲ್ಲಿ ಕೂತವರನ್ನು ಕೇಳುವರು. ಎಲ್ಲರೂ ಹೌದೆಂದರೆ ಎಲ್ಲರ ಮೇಲೂ ಸಂಶಯ. ಹೆಣ್ಣುಮಕ್ಕಳಿಗೆ ಕೊಡುವ ಪುಕ್ಕಟೆ ಟಿಕೆಟುಗಳನ್ನೂ ಎಸೆಯದೆ ಎಲೆಯಡಿಕೆಯ ಚೀಲದಲ್ಲಿ ಮಡಚಿ ಇಡುತ್ತಿದ್ದರು. ಯಾಕೆ ಎಂದರೆ, ನಾಳೆ ಯಾರಾದರೂ ನೀನು ಬರಲೇ ಇಲ್ಲ ಎಂದರೆ ಏನು ತೋರಿಸಲಿ ಎನ್ನುವರು.

ಅವ್ವನಿಗೆ ಅವರ ಮೇಲೆ ಹಳೆಯ ಸಿಟ್ಟೊಂದಿತ್ತು. ತಂಗಿಯ ಮದುವೆಯಾಗಿ ತಾಂಬಾದ ಹೊಸ್ತಿಲಲ್ಲಿ ನಿಂತಾಗ, ಮದುಮಗನ ತಾಯಿಯಾಗಿ ಆರತಿ ಬೆಳಗಬೇಕಾದವರು ಮೊಣಕಾಲು ನೋವೆಂದು ಹೇಳಿ ಅಡುಗೆಮನೆಗೆ ಹೋದರು. ಆರತಿ ಹಿಡಿದದ್ದು ಅವರ ನೆಗೆಣ್ಣಿ, ಮೈದುನನ ಹೆಂಡತಿ. ಆಗ ಅವರ ಗಂಡ ಗಟ್ಟಿಮುಟ್ಟಾಗಿ ಅಲ್ಲೇ ನಿಂತಿದ್ದರು. ಮೊಣಕಾಲು ನೋಯುವವರು ಮರುಗಳಿಗೆಯಲ್ಲಿ ಹತ್ತು ಸೇರು ಅನ್ನದ ಪಾತ್ರೆ ಇಳಿಸಿದ್ದನ್ನು ಅವ್ವ ಕಣ್ಣಾರೆ ಕಂಡಳಂತೆ. "ಸೊಕ್ಕ, ಮತ್ತೇನ," ಎಂಬ ತೀರ್ಮಾನ ಎಷ್ಟೋ ವರ್ಷ ನಡೆಯಿತು. ನಾನೂ ಅದನ್ನೇ ನಂಬಿದ್ದೆ.

ಅವರ ಕಿರಿಯ ಮಗ ನ್ಯೂಜಿಲೆಂಡಿನ ದೊಡ್ಡ ಡೇರಿ ಫಾರ್ಮಿನಲ್ಲಿ ಆಕಳು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದ. ತಂಗಿ ಅವನ ಹೆಂಡತಿ ಎಂಬ ವೀಸಾದ ಮೇಲೆ ಹೋದಳು. ಎರಡು ವರ್ಷ ಹೇಗೋ ನಡೆಯಿತು, ಹೊಂದಲಿಲ್ಲ. ಇಬ್ಬರೂ ರಜೆ ಹಾಕಿ ಊರಿಗೆ ಬಂದರು. ತಾಂಬಾದ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತು ಸೋಡಚೀಟಿ ಮಾಡಿಸಿದರು. ಬಾಂಡ್ ಕಾಗದದ ಮೇಲೆ, ಇನ್ನು ಇವಳಿಗೂ ಇವನಿಗೂ ಸಂಬಂಧವಿಲ್ಲ, ಇವಳು ಬೇರೆ ಮದುವೆಯಾಗಬಹುದು ಎಂದು ಬರೆದು ಸಹಿ ಹಾಕುವುದು. ನಮ್ಮ ಮಂದಿಯಲ್ಲಿ ತಲೆಮಾರುಗಳಿಂದ ಮದುವೆ ಮುರಿದದ್ದು ಹೀಗೆಯೇ. ಆ ದಿನ ಬೀಗತಿ ಕೆಳಗೆ ಕೂತು ತಂಗಿಯ ಕಾಲುಂಗುರಗಳನ್ನು ತಾವೇ ಬಿಚ್ಚಿದರು ಎಂದು ನನಗೆ ನೆನಪು. ತಂಗಿ ಅಲ್ಲಗಳೆಯುತ್ತಾಳೆ. ತಾನೇ ಬಿಚ್ಚಿ ಅವರ ಕೈಗೆ ಕೊಟ್ಟೆ, ಅವರು ಸೆರಗಿನಲ್ಲಿ ಕಟ್ಟಿಕೊಂಡರು ಎನ್ನುತ್ತಾಳೆ.

ತಂಗಿ ಮರಳಿ ಹೋಗಿ ಒಂದು ವೃದ್ಧಾಶ್ರಮದಲ್ಲಿ ಕೆಲಸ ಹಿಡಿದಳು. ಅಲ್ಲಿಯ ಸಿಟಿ ಬಸ್ಸಿನ ಚಾಲಕನೊಬ್ಬನನ್ನು, ಹುಟ್ಟಿನಿಂದ ಆ ದೇಶದ ಪ್ರಜೆಯಾದವನನ್ನು, ಮದುವೆಯಾದಳು. ಮಗಳು ಹುಟ್ಟಿದಳು. ಇನ್ನು ಹೆಂಡತಿಯ ವೀಸಾ ಕೇಳಿದರೆ ಮುಗಿಯಿತು ಎಂದುಕೊಂಡೆವು. ವಲಸೆ ಕಚೇರಿಯಿಂದ ಬಂದದ್ದು ಒಂದು ಪತ್ರ: ಮೊದಲ ಮದುವೆ ಮುರಿದದ್ದಕ್ಕೆ ನ್ಯಾಯಾಲಯದ ತೀರ್ಪು ಕೊಡಿ. ಅದರ ಜೊತೆ ಇನ್ನೊಂದು ಪ್ರಶ್ನೆ: ಸೋಡಚೀಟಿಯಾದ ತಿಂಗಳುಗಳ ನಂತರವೂ ನಿಮ್ಮ ಮೊದಲ ಗಂಡ ತನ್ನ ಕಾಯಂ ವಾಸದ ಅರ್ಜಿಯಲ್ಲಿ ಹೆಂಡತಿ ಎಂದು ನಿಮ್ಮ ಹೆಸರನ್ನೇ ಬರೆದಿದ್ದಾನೆ, ಯಾರ ಮಾತು ನಿಜ? ಫೋನಿನಲ್ಲಿ ಕೇಳಿದರೆ ಆ ಮಹಾನುಭಾವ, ಅರ್ಜಿ ಮೊದಲೇ ಅರ್ಧ ತುಂಬಿತ್ತು, ತಿದ್ದಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆಂದು ಹಾಗೇ ಬಿಟ್ಟೆ ಎಂದ. ಅವನ ಸೋಮಾರಿತನಕ್ಕೆ ನನ್ನ ತಂಗಿ ಎರಡು ಗಂಡಂದಿರ ಹೆಂಡತಿಯಾದಳು. ತೀರ್ಪು ಕೊಡದಿದ್ದರೆ ಅವಳು ದೇಶ ಬಿಡಬೇಕು. ಎದೆಹಾಲು ಕುಡಿಯುವ ಮಗಳು ಅಲ್ಲಿಯ ಪ್ರಜೆ. ಹಾಲುಣಿಸುವ ತಾಯಿ ಅಲ್ಲಿಗೆ ಯಾರೂ ಅಲ್ಲ.

ಇಂಡಿಯ ವಕೀಲರು ದಾರಿ ಹೇಳಿದರು. ರೂಢಿಯ ಪ್ರಕಾರ ಆದ ಬಿಡುಗಡೆಯನ್ನು ಕಾನೂನು ಒಪ್ಪುತ್ತದೆ. ಇಂಥ ದಿನ ಈ ಮದುವೆ ಮುರಿದಿದೆ ಎಂದು ಕೋರ್ಟಿನಿಂದ ಘೋಷಣೆ ತರಬೇಕು. ಆದರೆ ರೂಢಿ ಇದೆ ಎಂದರೆ ಸಾಲದು, ಹಿಂದೆ ಇಂಥವು ನಡೆದ ನಿದರ್ಶನ ಬೇಕು, ಹೇಳುವ ಸಾಕ್ಷಿ ಬೇಕು. ಧಾರವಾಡದಲ್ಲಿ ಸಮಾಜಶಾಸ್ತ್ರ ಓದುವಾಗ ನಾನು ಇದೇ ರೂಢಿಯ ಮೇಲೆ ಪ್ರಬಂಧ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅದನ್ನು ಹೇಳಿದಾಗ ವಕೀಲರು ನನ್ನನ್ನು ಮರುಕದಿಂದ ನೋಡಿದರು.

ಸೋಡಚೀಟಿಗೆ ಸಹಿ ಹಾಕಿದ ಹಿರಿಯರಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರಿಗೆ ಒಮ್ಮೆಲೇ ಕಿವಿ ಕೇಳದಾಯಿತು. ಬೀಗತಿಯ ಹಿರಿಯ ಮಗ ತಮ್ಮನ ಮುಖತ್ಯಾರನಾಗಿ ನಮ್ಮ ದಾವೆಗೆ ಅಡ್ಡ ನಿಂತ. ಅವನ ಲೆಕ್ಕ ಸರಳ: ಮದುವೆ ಆ ದಿನವೇ ಮುರಿಯಿತು ಎಂದು ಕೋರ್ಟು ಹೇಳಿದರೆ, ತಮ್ಮ ಅಲ್ಲಿ ಬರೆದದ್ದು ಸುಳ್ಳಾಗುತ್ತದೆ.

ಅವನ ಮನಸ್ಸು ತಿರುಗಿಸಲು ನಾನು ಮುದ್ದೇಬಿಹಾಳದಿಂದ ಸಿಂದಗಿಗೆ, ಸಿಂದಗಿಯಿಂದ ತಾಂಬಾಕ್ಕೆ ಬಸ್ಸು ಬದಲಿಸಿ ಹೋದೆ. ಅವನು ಕೂರು ಎನ್ನಲಿಲ್ಲ. ಬೀಗತಿ ಪಡಸಾಲೆಯ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾವು ಅರ್ಧ ತಾಸು ಕೂಗಾಡಿದರೂ ತಲೆ ಎತ್ತಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡಾಗ ಮಾತ್ರ, "ಮಾಸ್ತರ, ಕೂಸಿಗಿ ಹಲ್ಲ ಬಂದಾವೇನ?" ಎಂದು ಕೇಳಿದರು. ಇಂಥ ಹೊತ್ತಿನಲ್ಲಿ ಹಲ್ಲಿನ ವಿಚಾರವೇ ಎಂದು ನನಗೆ ಮೈ ಉರಿಯಿತು. ಎರಡು ಬಂದಿವೆ ಎಂದೆ. "ಉಂಡ ಹೋಗು," ಎಂದರು. ನಾನು ಉಣ್ಣದೆ ಬಂದೆ.

ಮುಂದಿನ ತಾರೀಖಿಗೆ ನನ್ನ ಸಾಕ್ಷಿ. ಹುಡುಗ ಸಹಿ ಹಾಕಿದ್ದನ್ನು ನೀವು ಕಣ್ಣಾರೆ ಕಂಡಿರಾ ಎಂದು ಎದುರು ವಕೀಲರು ಕೇಳಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು, ಕಂಡಂತೆ ನೆನಪಿದೆ, ಆದರೆ ಆ ನೆನಪು ಆಮೇಲೆ ಕಾಗದ ನೋಡಿ ಮೂಡಿದ್ದೋ ಏನೋ, ಖಚಿತವಾಗಿ ಹೇಳಲಾರೆ ಎಂದೆ. ಅವರಿಗೆ ಹಬ್ಬವಾಯಿತು. ಅವತ್ತು ಯಾವ ವಾರ? ಖಚಿತವಿಲ್ಲ. ಊಟಕ್ಕೆ ಮೊದಲೋ ಆಮೇಲೋ? ಖಚಿತವಿಲ್ಲ. ಹೊರಗೆ ಬಂದಾಗ ನಮ್ಮ ವಕೀಲರು ಕರೀ ಕೋಟು ತೆಗೆದು ಹೆಗಲಿಗೆ ಹಾಕಿಕೊಂಡು, "ಸರ, ಚಪ್ಪಲಿ ಜೋಡಿ ನಿಮ್ಮ ಓದೂ ಬಾಗಲದಾಗ ಬಿಟ್ಟ ಬರಬೇಕಿತ್ತು," ಎಂದರು. ಆ ಸಂಜೆ ತಂಗಿಗೆ ಫೋನಿನಲ್ಲಿ ಏನು ಹೇಳಿದೆನೋ ನೆನಪಿಲ್ಲ. ಹಿಂದೆ ಮಗು ಅಳುತ್ತಿದ್ದದ್ದು ಮಾತ್ರ ನೆನಪಿದೆ.

ಅದಾದ ವಾರಕ್ಕೋ ಹತ್ತು ದಿನಕ್ಕೋ ನಾನು ವಕೀಲರ ಕಚೇರಿಯಲ್ಲಿ ಕೂತಿದ್ದಾಗ ಬೀಗತಿ ಒಬ್ಬರೇ ಒಳಗೆ ಬಂದರು. ಕೈಯಲ್ಲಿ ರೊಟ್ಟಿಯ ಗಂಟು. ಅದನ್ನು ಕಾನೂನು ಪುಸ್ತಕಗಳ ಮೇಲಿಟ್ಟು, ತಮ್ಮ ಹೆಸರನ್ನು ಸಾಕ್ಷಿಯ ಪಟ್ಟಿಯಲ್ಲಿ ಬರೆದುಕೊಳ್ಳಿ ಎಂದರು. ನಿಮ್ಮ ಇಬ್ಬರು ಮಕ್ಕಳೂ ನಿಮ್ಮ ಮೇಲೆ ಬೀಳುತ್ತಾರೆ, ವಿಚಾರ ಮಾಡಿದ್ದೀರಾ ಎಂದು ವಕೀಲರು ಕೇಳಿದರು.

"ಮಕ್ಳು ನನ್ನ ಹೊಟ್ಟ್ಯಾಗ ಬಂದಾವ್ರಿ, ನಾ ಅವ್ರ ಹೊಟ್ಟ್ಯಾಗ ಬಂದಿಲ್ಲ. ಸುಳ್ಳ ಬರದಾಂವ ಅಂವಾ, ಕೂಸಿನ ಬಿಟ್ಟ ಬರೂ ಪಾಳಿ ಆಕಿದೇನ?"

ಆಮೇಲೆ ನನ್ನನ್ನು ಚಹಾ ತರಲು ಕಳಿಸಿ ವಕೀಲರಿಗೊಬ್ಬರಿಗೇ ಏನೋ ಹೇಳಿದರು. ನಾನು ಮರಳಿದಾಗ ವಕೀಲರು ಪೆನ್ನು ಕೆಳಗಿಟ್ಟಿದ್ದರು. ಏನೆಂದು ಕೇಳಿದರೆ, "ಮಾಸ್ತರಗ ಹೇಳಬ್ಯಾಡ್ರಿ, ಅಂವಾ ಅದ ಖರೇನೋ ಸುಳ್ಳೋ ಅಂತ ವಿಚಾರ ಮಾಡ್ಕೋತ ಕುಂದರ್ತಾನ," ಎಂದರು ಬೀಗತಿ.

ಸಾಕ್ಷಿಯ ದಿನ ಗುಮಾಸ್ತ ಮೊದಲು ಹೆಸರು, ಆಮೇಲೆ ಗಂಡನ ಹೆಸರು ಕೇಳಿದ. ಬೀಗತಿ ಬಾಯಿಗೆ ಸೆರಗು ಹಿಡಿದರು. ಗಂಡ ತೀರಿ ಐದಾರು ವರ್ಷವಾಗಿತ್ತು; ಹೆಸರು ಹೊರಗೆ ಬರಲಿಲ್ಲ. ಅವರ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಗುಮಾಸ್ತ ಮತ್ತೆ ಕೇಳಿದಾಗ ಕಪ್ಪು ಬೆರಳನ್ನು ಹಿರಿಯ ಮಗನತ್ತ ತೋರಿಸಿ, "ಅವರಪ್ಪರಿ. ಅವನ್ನ ಕೇಳ್ರಿ," ಎಂದರು. ನಮ್ಮ ವಿರುದ್ಧ ನಿಂತವನು ಎದ್ದು ನಿಂತು ತಂದೆಯ ಹೆಸರು ಹೇಳಬೇಕಾಯಿತು. ಒಂದಿಬ್ಬರು ನಕ್ಕರು.

ನಮ್ಮ ವಕೀಲರು, ನಿಮ್ಮ ಮನೆತನದಲ್ಲಿ ಹಿಂದೆ ಯಾರಾದರೂ ಸೋಡಚೀಟಿ ಮಾಡಿಕೊಂಡಿದ್ದಾರೆಯೇ ಎಂದು ಕೇಳಿದರು.

"ನಾನ ಮಾಡ್ಕೊಂಡೇನ್ರಿ," ಎಂದರು.

ಹಿರಿಯ ಮಗ ಎದ್ದ. ಅವನ ವಕೀಲರು ಭುಜ ಹಿಡಿದು ಕೂರಿಸಿದರು. ಬೀಗತಿ ಸಂತೆಯ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳುತ್ತ ಹೋದರು. ಹದಿನೇಳಕ್ಕೆ ಬಸವನ ಬಾಗೇವಾಡಿ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಹೊಂದಲಿಲ್ಲ. ಹಿರಿಯರು ಕೂತು ಸೋಡಚೀಟಿ ಮಾಡಿಸಿದರು. ಆಮೇಲೆ ತಾಂಬಾಕ್ಕೆ ಬಂದದ್ದು ಉಡಿಕಿಯಾಗಿ. ಉಡಿಕಿ ಎಂದರೆ ಎರಡನೆಯ ಮದುವೆ. ಬಾಜಾ ಇಲ್ಲ, ಅಕ್ಕಿಕಾಳು ಇಲ್ಲ, ಮುಸ್ಸಂಜೆಗೆ ಸೀರೆ ಉಡಿಸಿ ತಾಳಿ ಕಟ್ಟಿ ಒಳಗೆ ಕರೆದುಕೊಳ್ಳುವುದು. ಉಡಿಕಿಯಾದವಳು ಮುಂದೆ ಯಾರ ಮದುವೆಯಲ್ಲೂ ಆರತಿ ಹಿಡಿಯುವಂತಿಲ್ಲ. ಪ್ರಬಂಧದಲ್ಲಿ ಈ ವಾಕ್ಯವನ್ನು ನಾನೇ ಬರೆದಿದ್ದೆ. ತಂಗಿಯ ಮದುವೆಯ ದಿನ ಅದೇ ವಾಕ್ಯ ನನ್ನ ಕಣ್ಣೆದುರು ಅಡುಗೆಮನೆಗೆ ಎದ್ದುಹೋದಾಗ ನಾನು ಸೊಕ್ಕು ಎಂದುಕೊಂಡಿದ್ದೆ.

ಆ ಮೊದಲ ಗಂಡನ ಹೆಸರೇನು ಎಂದು ಗುಮಾಸ್ತ ಅಳುಕುತ್ತಲೇ ಕೇಳಿದ. ಬೀಗತಿ ಸೆರಗು ಮುಟ್ಟಲಿಲ್ಲ. ಅವನ ಹೆಸರು, ಅವನ ತಂದೆಯ ಹೆಸರು, ಅಡ್ಡಹೆಸರು, ಊರು, ಓಣಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು.

ಎದುರು ವಕೀಲರು ಎದ್ದು, ಸೋಡಚೀಟಿಯ ಕಾಗದ ಎಲ್ಲಿ ಎಂದು ಕೇಳಿದರು. ಗೆದ್ದಲು ತಿಂದಿತು ಎಂದರು ಬೀಗತಿ. ಕಾಗದವಿಲ್ಲದೆ ನೀವು ಅವನನ್ನು ಬಿಟ್ಟಿದ್ದೀರಿ ಎಂದು ಕೋರ್ಟು ಹೇಗೆ ನಂಬಬೇಕು?

"ಹೆಸರ ಹೇಳಿದ್ನೆಲ್ರಿ," ಎಂದರು. ವಕೀಲರಿಗೆ ತಿಳಿಯಲಿಲ್ಲವೆಂದು ಕಂಡು ಬೆರಳು ಎತ್ತಿದರು. "ಅಂವಾ ಇನ್ನಾ ಜೀವಂತ ಅದಾನ, ಆದ್ರ ನನಗ ಗಂಡ ಅಲ್ಲ. ಹೆಸರ ಹೇಳಾಕ ಏನ ಅಡ್ಡಿ? ನಮ್ಮ ಮನ್ಯಾವ್ರು ಹೋಗ್ಯಾರ, ಅವ್ರ ಹೆಸರ ಬಾಯಾಗ ಬರೂದಿಲ್ಲ. ಇನ್ನ ಯಾ ಕಾಗದ ಬೇಕ್ರಿ ನಿಮಗ?"

ನ್ಯಾಯಾಧೀಶೆ ದಕ್ಷಿಣದ ಕಡೆಯವರು. ಗುಮಾಸ್ತ ಮೆಲ್ಲಗೆ ವಿವರಿಸಿದ ಮೇಲೆ ಬಹಳ ಹೊತ್ತು ಬರೆದುಕೊಂಡರು.

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಇಷ್ಟ ವರ್ಷ ಬೈಸ್ಕೊಂಡ್ಳು, ಒಮ್ಮಿ ಹೇಳಬಾರದೇನ ಆಕಿ," ಎಂದು ಅವರ ಮೇಲೆಯೇ ಸಿಟ್ಟಾದಳು. ಮರುವಾರ ತಾಂಬಾಕ್ಕೆ ಹೋಗಿ ಬೀಗತಿಯ ಪಕ್ಕ ಕೂತು ಉಂಡು ಬಂದಳು. ಅವರಿಬ್ಬರೂ ಏನು ಮಾತಾಡಿದರೆಂದು ನನಗೆ ಹೇಳಲಿಲ್ಲ.

ಘೋಷಣೆ ಬಂತು, ಅನುವಾದವಾಯಿತು, ಮೊಹರಿನ ಮೇಲೆ ಮೊಹರು ಬಿದ್ದು ಸಮುದ್ರ ದಾಟಿತು. ತಂಗಿಗೆ ವೀಸಾ ಆಯಿತು. ಆ ವೀಸಾ ಕಾಗದದ ಚಿತ್ರವನ್ನು ಫೋನಿನಲ್ಲಿ ತೋರಿಸಲು ನಾನೇ ತಾಂಬಾಕ್ಕೆ ಹೋದೆ. ಇದರಲ್ಲಿ ಗಂಡನ ಹೆಸರು ಎಲ್ಲಿದೆ ಎಂದು ಬೀಗತಿ ಕೇಳಿದರು. ಇಲ್ಲ ಎಂದೆ.

"ಬರೇ ಆಕಿ ಹೆಸರೇನ? ಹಂಗಾರ ಛಲೋ ಆತು."

ಕಿರಿಯ ಮಗನ ಕಾಯಂ ವಾಸ ಒಂದು ವರ್ಷ ತಡವಾಯಿತು. ಅವನು ಫೋನ್ ಮಾಡಿ ಕೂಗಾಡಿದನಂತೆ. ಆಕಳು ಹಿಂಡುವವನಿಗೆ ಎಲ್ಲಾದರೂ ಆಕಳು ಸಿಗುತ್ತವೆ ಎಂದು ಹೇಳಿ ಇಟ್ಟರಂತೆ. ಹಿರಿಯ ಮಗ ಒಂದೇ ಮನೆಯಲ್ಲಿದ್ದೂ ತಿಂಗಳುಗಟ್ಟಲೆ ಅವರೊಂದಿಗೆ ಮಾತಾಡಲಿಲ್ಲ. ಆ ಬಗ್ಗೆ ಅವರು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ ಮಳೆಯ ವಿಚಾರ ಕೇಳುವುದನ್ನು ನಿಲ್ಲಿಸಲಿಲ್ಲ. ಉತ್ತರ ಕೇಳಿಸಿಕೊಳ್ಳುವುದನ್ನು ಶುರು ಮಾಡಲೂ ಇಲ್ಲ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ನಾನು ಸಿಂದಗಿಯಲ್ಲಿ ಬಸ್ಸು ಬದಲಿಸಿ ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹಿರಿಯ ಮಗ ಜಗಲಿಯಲ್ಲಿ ಕೂತಿದ್ದ. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದ. ಏಳುವಾಗ, "ಉಂಡ ಹೋಗ್ರಿ," ಎಂದ. ಈ ಸಲ ಉಂಡು ಬಂದೆ.

ಅವರ ಸಾಕ್ಷಿಯ ಪ್ರತಿಗಳನ್ನು ಇಂಡಿಯ ವಕೀಲರು ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಝಳಕಿಯ ಕಡೆಯಿಂದ, ಸಿಂದಗಿಯ ಕಡೆಯಿಂದ ಸೋಡಚೀಟಿ ಹಿಡಿದು ಬರುವ ಹೆಣ್ಣುಮಕ್ಕಳ ದಾವೆಗಳಿಗೆ ಅದನ್ನೇ ನಿದರ್ಶನವಾಗಿ ಹಚ್ಚುತ್ತಾರೆ. ಐವತ್ತು ವರ್ಷ ಅಡುಗೆಮನೆಯಲ್ಲಿ ಬಚ್ಚಿಟ್ಟ ಮಾತು ಈಗ ಇತರರ ಅರ್ಜಿಗಳ ಬೆನ್ನಿಗೆ ಹೋಗುತ್ತಿದೆ.

ನನ್ನಲ್ಲೂ ಒಂದು ದೃಢೀಕೃತ ಪ್ರತಿ ಇದೆ. ಇದನ್ನು ಬರೆಯುವ ಮೊದಲು ತೆಗೆದು ಓದಿದೆ. ಕಪ್ಪು ಬೆರಳು ಅದರಲ್ಲಿಲ್ಲ, ಇರುವುದೂ ಇಲ್ಲ. ಜೀವಂತ ಇದ್ದೂ ಗಂಡನಲ್ಲದವನ ಬಗ್ಗೆ ಅವರು ಆಡಿದ ಮಾತೂ ಇಲ್ಲ. ಹೆಸರುಗಳ ವಿಚಾರಕ್ಕೆ ‘ಸಾಕ್ಷಿದಾರರು ಮೊದಲ ಗಂಡನ ಹೆಸರನ್ನು ಹೇಳಿರುತ್ತಾರೆ. ಎರಡನೆಯ ಗಂಡನ ಹೆಸರನ್ನು ಹೇಳಲು ನಿರಾಕರಿಸಿರುತ್ತಾರೆ’ ಎಂಬ ಎರಡು ಸಾಲು ಇವೆ, ಅಷ್ಟೇ. ಉಳಿದದ್ದು ನನ್ನ ನೆನಪು. ಕಾಲುಂಗುರ ಬಿಚ್ಚಿದವರು ಯಾರೆಂದು ನಾನು ಇವತ್ತಿಗೂ ಹೇಳಲಾರೆ. ಅವರು ಸಾಕ್ಷಿ ಹೇಳಿದ್ದು ಯಾವ ವಾರ ಎಂದೂ ಹೇಳಲಾರೆ. ಆದರೆ ಆ ಹೆಂಗಸು ಹಾಗೆ ಅಂದದ್ದು ನಿಜವೇ, ನೀವು ಕಿವಿಯಾರೆ ಕೇಳಿದಿರಾ ಎಂದು ಯಾರಾದರೂ ನನ್ನನ್ನು ಮತ್ತೆ ಕಟಕಟೆಯಲ್ಲಿ ನಿಲ್ಲಿಸಿ ಕೇಳಲಿ.

ಹೌದ್ರಿ. ಹಂಗ ಅಂದ್ರು.