ಮಿಲಿಮೀಟರ್ ಮಾಮ

ನೆಂಟರ ಮಕ್ಕಳಿಗೆಲ್ಲ ಅವರು ಮಿಲಿಮೀಟರ್ ಮಾಮ. ಉಪಗ್ರಹದಿಂದ ಕಡಲಿನ ಮಟ್ಟ ಅಳೆಯುವ ಈ ವಿಜ್ಞಾನಿ ಕೂತಲ್ಲಿ ಕೂರುವವರಲ್ಲ. ಚಹಾ ಕೊಟ್ಟರೆ ಕುಡಿಯುವ ಮೊದಲು ಬಗ್ಗಿ ಲೋಟದಲ್ಲಿ ಎಷ್ಟಿದೆಯೆಂದು ನೋಡುತ್ತಾರೆ, ಕಂಡವರ ಮನೆಯ ಅಲುಗುವ ಮೇಜಿನ ಕಾಲಿಗೂ ಕಾಗದ ಮಡಚಿ ಇಟ್ಟು ಬರುತ್ತಾರೆ. ಕಚೇರಿಯಲ್ಲಿ ಯಾರು ಯಾವ ಅಂಕಿ ತಂದರೂ, "ಇದರಿಂದ ಅಲೆ ಕಳೆದ್ರಾ? ಉಬ್ಬರ ಕಳೆದ್ರಾ? ಗಾಳೀಲಿರೋ ತೇವ?" ಎಂದು ಪ್ರಾಣ ತಿನ್ನುತ್ತಾರೆ. ಹತ್ತು ದಿನಕ್ಕೊಮ್ಮೆ ಉಪಗ್ರಹ ಅದೇ ದಾರಿಯಲ್ಲಿ ಮರಳುವ ದಿನವಂತೂ ಕಾಲು ಸುಟ್ಟ ಬೆಕ್ಕಿನಂತೆ ಓಡಾಟ. ನಡುಗಡಲನ್ನು ಅಷ್ಟು ಚೆನ್ನಾಗಿ ಅಳೆಯುವ ಉಪಗ್ರಹದ ಕಣ್ಣಿಗೆ ದಡದ ಹತ್ತಿರ ನೆಲ, ನೀರು ಬೆರೆತು ಮಂಜಾಗುತ್ತದೆ. ಅವರ ಅಕ್ಕನ ಮನೆ ಇರುವುದು ಅಲ್ಲೇ. ಮನೆಯಿಂದ ಕಡಲಿಗಿಳಿಯುವ ಮೆಟ್ಟಿಲುಗಳಲ್ಲಿ ಉಬ್ಬರದ ಹೊತ್ತಿಗೆ ನೀರಿನ ಮೇಲೆ ಕಾಣುವುದು ಎರಡಕ್ಕಿಳಿದರೆ ಮನೆ ಬಿಟ್ಟು ಬರುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಾರೆ. ಅದಕ್ಕೇ ಅವತ್ತು ಫೋನು: "ಅಕ್ಕಾ, ಉಬ್ಬರ ಬಂದಾಗ ಎಷ್ಟು ಮೆಟ್ಟಿಲು ಕಾಣ್ತವೆ?" "ಮೂರು ಕಣೋ, ಯಾವಾಗ್ಲೂ ಮೂರೇ. ನೀನು ಊಟ ಮಾಡಿದ್ಯಾ?" ಹೋದ ಸಲ ಅಕ್ಕನ ಮನೆಗೆ ಹೋಗಿದ್ದಾಗ ಉಬ್ಬರದ ಹೊತ್ತಿಗೆ ಮಾಮ ತಾವೇ ನಿಂತು ಎಣಿಸಿದ್ದರು: ಎರಡು. ಆದರೂ ಯಾರ ಅಂಕಿಯನ್ನೂ ತಿದ್ದದೆ ಬಿಡದ ಅವರು, "ಹೂಂ, ಮೂರು" ಎಂದು ಬರೆದುಕೊಂಡು, ಎದ್ದು ಮತ್ತೆ ಓಡಾಡತೊಡಗುತ್ತಾರೆ.